ಊರಿನ ಹಿರಿಯರನ್ನೂ ಮಾತಾಡಿಸಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ದೊಡ್ಡನೆಕ್ಕುಂದಿ ಎಂದರೆ ಹೊರವರ್ತುಲ ರಸ್ತೆ, ಐಟಿ ಕಂಪನಿ ಎಂದಷ್ಟೇ ಬರೆಯುವವರಿಗೆ ಇಲ್ಲಿನ ಹಳಬರು ಕಾಣುವುದಿಲ್ಲ. 90 ದಾಟಿದ ನಮ್ಮಜ್ಜಿ ರಾಗಿ ಹೊಲದಲ್ಲಿ ಕಳೆ ಕಿತ್ತು ಬದುಕಿದ ಕ್ರೈಸ್ತ ಹೆಣ್ಣುಮಗಳು. ಓದು ಬಾರದು, ಪ್ರಾರ್ಥನೆಗಳೆಲ್ಲ ಬಾಯಿಪಾಠ. ಹರೆಯದಲ್ಲಿ ಕೇಳಿದ್ದು ಲ್ಯಾಟಿನ್ ಪೂಜೆ. ‘ಸ್ವಾಮಿಗಳು ಅವರ ಪಾಡಿಗೆ ಪೂಜೆ ಮಾಡೋರು, ನಾವು ನಮ್ಮ ಪಾಡಿಗೆ ಜಪಸರ ಹೇಳ್ತಿದ್ವಿ’ ಎಂದು ನಗುತ್ತಾರೆ. 1962–65ರ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರವೇ ಬಲಿಪೂಜೆ ಕನ್ನಡಕ್ಕೆ ಬಂದದ್ದು. ಸೆಪ್ಟೆಂಬರ್ 8ರ ಮರಿಯಮ್ಮನವರ ಹಬ್ಬಕ್ಕೆ ಶಿವಾಜಿನಗರದ ಬೆಸಿಲಿಕಕ್ಕೆ ಹೋಗಲೇಬೇಕೆಂಬ ಹಟ ಅಜ್ಜಿಗೆ ಈಗಲೂ ಇದೆ. ಮಾರತ್ತಹಳ್ಳಿ ಟ್ರಾಫಿಕ್ಕಿಗೆ ಹೆದರುವವರು ನಾವೇ. ಇಂಥವರ ನೆನಪುಗಳಿಗೆ ನಿಮ್ಮ ಪುರವಣಿಯಲ್ಲಿ ಒಂದು ಅಂಕಣ ಕೊಡಬಾರದೇಕೆ?

– ಓದುಗ, ದೊಡ್ಡನೆಕ್ಕುಂದಿ