ಪಾಳು ಕುಂಟೆಯೂ ಮನೆಯವರ ಕೈಯೂ

ಪಾಳುಬಿದ್ದ ಆಸ್ತಿಯೊಂದು ಕುಟುಂಬದ ಪಾಲಿಗೆ ಬಂದಾಗ ಬಂಧುಗಳು ಸೂಚಿಸುವ ಉಪಾಯಗಳು ಸಾಮಾನ್ಯವಾಗಿ ಎರಡೇ. ಒಂದು, ಇದ್ದ ಹಾಗೆಯೇ ಮಾರಿಬಿಡುವುದು. ಇನ್ನೊಂದು, ತಗ್ಗುಗಳನ್ನು ಮುಚ್ಚಿಸಿ ಸೈಟು ಮಾಡಿ ಮಾರುವುದು. ಆ ಜಮೀನಿನಲ್ಲಿ ಒಂದು ಕುಂಟೆಯೋ ಕಟ್ಟೆಯೋ ಇದ್ದುಬಿಟ್ಟರಂತೂ ವಧುವಿನ ಜಾತಕದಲ್ಲಿನ ಕುಜದೋಷದಂತೆ ಅದನ್ನು ಮರೆಮಾಡಿಯೇ ಮಾತುಕತೆಯನ್ನು ಆರಂಭಿಸುವರು. ಮೂರನೆಯ ದಾರಿಯೊಂದುಂಟು. ಮನೆಯವರೇ ಇಳಿದು, ತಮ್ಮ ಕೈಯಿಂದಲೇ ಅದನ್ನು ಸರಿಮಾಡಿ ಇಟ್ಟುಕೊಳ್ಳುವುದು. ಅದು ಸಾಧ್ಯವಾದ ಕೆಲಸ; ಅಷ್ಟೇ ಅಲ್ಲ, ಕುಂಟೆಯೊಂದು ಉಳಿಯಬೇಕಾದರೆ ಅದರ ಹೊರತು ಬೇರೆ ದಾರಿಯೇ ಇಲ್ಲವೆಂದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ಗುರುಗಳೂ ಸಹಪಾಠಿಗಳೂ ಅನೇಕರಿರಬಹುದು. ನಮ್ಮ ಮನೆಯಲ್ಲಿಯೇ ಒಪ್ಪದವರಿದ್ದಾರೆ.

ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ವಾಸಿಸುವ ನಮಗೆ ನೀರಿನ ಮಾತು ಹೊಸದಲ್ಲ. ಧರ್ಮಾಂಬುಧಿ ಕೆರೆ ಕೆಂಪೇಗೌಡ ಬಸ್ ನಿಲ್ದಾಣವಾದುದನ್ನೂ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದುದನ್ನೂ ಎಲ್ಲರೂ ಬಲ್ಲರು. ಇದ್ದ ಕೆರೆಗಳನ್ನು ಉಳಿಸುವ ವಿಚಾರವಾಗಿ ಸರ್ಕಾರವು 1985ರಲ್ಲಿ ಎನ್. ಲಕ್ಷ್ಮಣರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನೇ ನೇಮಿಸಿತ್ತು. 2015ರ ಏಪ್ರಿಲಿನಲ್ಲಿ ಜೆ.ಪಿ. ನಗರದ ಸಾರಕ್ಕಿ ಕೆರೆಯ ಒತ್ತುವರಿಯನ್ನು ತೆರವು ಮಾಡಿದಾಗ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಕೆರೆಗಾದರೋ ಸಮಿತಿಯಿದೆ, ಸರ್ವೆ ನಂಬರಿದೆ, ಪತ್ರಿಕೆಯಿದೆ. ಕುಂಟೆಗೆ ಏನಿದೆ? ಒಂದು ಹೊಲದ ಮೂಲೆಯಲ್ಲಿ, ನಾಲ್ಕು ಹಸು ನೀರು ಕುಡಿಯುವಷ್ಟು ಜಾಗದಲ್ಲಿ, ಅಜ್ಜಿಯ ನೆನಪಿನಲ್ಲಿ ಮಾತ್ರ ಅದು ಇರುತ್ತದೆ. ಅಜ್ಜಿ ಹೋದ ಮೇಲೆ ಅದು ಬರಿಯ ತಗ್ಗು.

ಸ್ವಂತ ಕೈಯಿಂದ ಪಾಳುನೆಲಕ್ಕೆ ನೀರು ತಂದವರು ನಮ್ಮ ನಾಡಿನಲ್ಲಿ ಇಲ್ಲವೆ? ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರ ಹೆಸರನ್ನು 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದ ಮೇಲೆ ನಾವು ಕೇಳಿದೆವು. ಅಡಿಕೆ, ತೆಂಗಿನ ಮರ ಹತ್ತುವ ಕೂಲಿಗಾರರು ಅವರು. ಅವರಿಗೆ ದೊರೆತದ್ದು ಸುಮಾರು ಎರಡು ಎಕರೆ ಬೋಳುಗುಡ್ಡ, ನೀರಿನ ಸೆಲೆಯಿಲ್ಲ. ಹಗಲು ಕೂಲಿ ಮುಗಿಸಿ ಬಂದು, ಉಳಿದ ಹೊತ್ತಿನಲ್ಲಿ ಒಬ್ಬರೇ ಗುಡ್ಡದೊಳಕ್ಕೆ ಸುರಂಗ ಕೊರೆದರು. ಒಂದು ಸುರಂಗದಲ್ಲಿ ನೀರು ಸಿಗಲಿಲ್ಲ, ಇನ್ನೊಂದನ್ನು ಕೊರೆದರು; ಅದರಲ್ಲಿಯೂ ಸಿಗಲಿಲ್ಲ, ಮತ್ತೊಂದು. ಹೀಗೆ ವರ್ಷಗಳು ಕಳೆದ ಮೇಲೆ ನೀರು ಒಸರಿತು. ಅದನ್ನು ತೊಟ್ಟಿಯಲ್ಲಿ ಶೇಖರಿಸಿ ಅಡಿಕೆ, ತೆಂಗು, ಬಾಳೆಗಳನ್ನು ಎಬ್ಬಿಸಿದರು. ಈ ಸುರಂಗವು ಅವರ ಕಲ್ಪನೆಯಲ್ಲ. ಕಾಸರಗೋಡಿನ ಕಡೆಯ ಕೆಂಪುಮುರಕಲ್ಲಿನ ಗುಡ್ಡಗಳಲ್ಲಿ ಕನ್ನಡ, ತುಳು, ಮಲೆಯಾಳ ಮಾತನಾಡುವ ಮನೆಗಳವರು ಬಹುಕಾಲದಿಂದ ಹೀಗೆಯೇ ಅಡ್ಡಸುರಂಗ ಕೊರೆದು, ತಾನಾಗಿ ಹರಿದುಬರುವ ನೀರನ್ನು ಅಂಗಳದ ಬದಿಯ ಮಣ್ಣಿನ ಹೊಂಡದಲ್ಲಿ ಕೂಡಿಸಿಕೊಳ್ಳುತ್ತ ಬಂದಿದ್ದಾರೆ. ಪಂಪೂ ಬೇಡ, ಕರೆಂಟೂ ಬೇಡ.

ನಮ್ಮ ಸೀಮೆಗೆ ಇನ್ನೂ ಹತ್ತಿರದವರು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡರು. ಕುರಿ ಕಾಯುವವರು; ಶಾಲೆಯ ಓದು ಇಲ್ಲ. ಕುಂದಿನಿಬೆಟ್ಟದಲ್ಲಿ ಹಕ್ಕಿಪ್ರಾಣಿಗಳಿಗೆ ಕುಡಿಯಲು ನೀರಿಲ್ಲದುದನ್ನು ಕಂಡು, ಕುರಿ ಮಾರಿದ ಹಣದಲ್ಲಿ ಹಾರೆ ಗುದ್ದಲಿ ಕೊಂಡು ಕಟ್ಟೆ ತೋಡತೊಡಗಿದರು. ಅವರು ತೋಡಿದ ಕಟ್ಟೆಗಳು ಹದಿನಾರು ಎಂದು ಪ್ರಧಾನಮಂತ್ರಿಗಳು 2020ರ ಜೂನ್ ತಿಂಗಳ ಬಾನುಲಿ ಭಾಷಣದಲ್ಲಿ ಹೇಳಿದರು. ಗೌಡರು 2022ರಲ್ಲಿ ತೀರಿಕೊಂಡರು. ಮೇಲಿನ ಕಟ್ಟೆ ತುಂಬಿದರೆ ಹೆಚ್ಚಿನ ನೀರು ಕೆಳಗಿನದಕ್ಕೆ ಇಳಿಯುವಂತೆ ಅವರು ಜಾಗ ಆರಿಸಿದ್ದರಂತೆ. ಬೆಟ್ಟದ ಇಳಿಜಾರನ್ನು ಕುರಿಗಳ ಹಿಂದೆ ನಡೆನಡೆದು ಕಲಿತವರು ಅವರು. ನಾವು ಭೂಗೋಳದ ಪರೀಕ್ಷೆಗೆ ಮಟ್ಟರೇಖೆಗಳನ್ನು ಬರೆದು ಮರೆಯುತ್ತೇವೆ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಸಂಗತಿಯನ್ನೂ ಹೇಳಬೇಕು. ಇಲ್ಲವಾದರೆ ಇದೆಲ್ಲ ಪುಸ್ತಕದ ಮಾತೆಂದು ಯಾರಾದರೂ ಅಂದಾರು. ನಮ್ಮ ತಂದೆಯವರು ಗಾರೆ ಕೆಲಸದವರು. ತಾಯಿಯವರು ಮದುವೆಯಾದಂದಿನಿಂದ ಇತ್ತೀಚಿನವರೆಗೂ ಕಟ್ಟಡದ ಕೆಲಸದಲ್ಲಿ ಬಾಂಡ್ಲಿ ಹೊತ್ತವರು. ಜೆ.ಪಿ. ನಗರದ ವಠಾರವೊಂದರಲ್ಲಿ ಬಾಡಿಗೆಗೆ ಇದ್ದೇವೆ. ಕನಕಪುರದ ರಸ್ತೆಯ ಕಡೆ ತಾತನ ಕಾಲದ ಒಂದು ಎಕರೆಗೆ ಸ್ವಲ್ಪ ಕಡಿಮೆ ಜಮೀನು, ಅದರಲ್ಲಿ ಎರಡು ಕುಂಟೆ, ಹತ್ತು ಹದಿನೈದು ವರ್ಷಗಳಿಂದ ಲಾಂಟಾನದ ಪೊದೆಯೊಳಗೆ ಮುಳುಗಿಹೋಗಿದ್ದವು. 2024ರ ಬೇಸಿಗೆಯಲ್ಲಿ ನಮ್ಮ ವಠಾರದ ಕೊಳವೆಬಾವಿ ಬತ್ತಿ, ಟ್ಯಾಂಕರಿನ ಮುಂದೆ ಬಿಂದಿಗೆ ಹಿಡಿದು ನಿಲ್ಲುವಂತಾದಾಗ ತಂದೆಯವರಿಗೆ ಆ ಕುಂಟೆಗಳ ನೆನಪಾಯಿತು. ಮುಂದಿನ ವರ್ಷ ಫೆಬ್ರವರಿಯಿಂದ ಭಾನುವಾರ ಭಾನುವಾರ ಹೋಗಿ ಮೇಲಿನ ಕುಂಟೆಗೆ ಕೈಹಚ್ಚಿದೆವು. ತಂದೆ, ತಾಯಿ, ದೊಡ್ಡಪ್ಪ, ತಮ್ಮ, ನಾನು ಐವರು.

ಲೆಕ್ಕವನ್ನು ಕೊಡುತ್ತೇನೆ. ಕುಂಟೆ ಮೂವತ್ತು ಅಡಿ ಉದ್ದ, ಇಪ್ಪತ್ತೈದು ಅಡಿ ಅಗಲ; ಹೂಳು ಎರಡು ಅಡಿ. ಅಂದರೆ 1500 ಘನ ಅಡಿ ಮಣ್ಣು. ಮೂರು ಬಾಂಡ್ಲಿಗೆ ಒಂದು ಘನ ಅಡಿಯೆಂದು ಹಿಡಿದರೆ 4500 ಬಾಂಡ್ಲಿ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ದಿನಕ್ಕೆ ಮುನ್ನೂರರಂತೆ ಹದಿನೈದು ಭಾನುವಾರಕ್ಕೆ ಅದು ಮುಗಿದುಹೋಯಿತು. ಮುಗಿದಾಗ ಕುಂಟೆಯಲ್ಲಿ ಹೆಚ್ಚಾಗಿ ನಿಲ್ಲುವ ನೀರು ಸುಮಾರು 42,000 ಲೀಟರು, ಎಂದರೆ ಆರು ಸಾವಿರ ಲೀಟರಿನ ಏಳು ಟ್ಯಾಂಕರು. ಈ ಲೆಕ್ಕವನ್ನು ಹಾಕಿದವಳು ನಾನು. ಹದಿನೈದು ವರ್ಷ ಓದಿಸಿದ್ದಕ್ಕೆ ಅಷ್ಟಾದರೂ ಆಯಿತಲ್ಲ ಎಂದರು ದೊಡ್ಡಪ್ಪ.

ಹೂಳನ್ನು ಎಸೆಯಲಿಲ್ಲ. ಕೆರೆಯ ಗೋಡು ಹೊಲಕ್ಕೆ ಒಳ್ಳೆಯದೆಂಬುದು ರೈತರೆಲ್ಲ ಬಲ್ಲ ಮಾತು; ಅದನ್ನು ಹರಡಿದ ಕಡೆ ಆ ಮಳೆಗಾಲದಲ್ಲಿ ಅವರೆ ಹಾಕಿದೆವು. ಕುಸಿದ ಕಲ್ಲುಕಟ್ಟಣೆಯನ್ನು ತಂದೆಯವರು ಗಾರೆಯಿಲ್ಲದೆ, ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದರು. ನೀರು ಒಳಬರುವ ಬಾಯಿಯ ಮುಂದೆ ಒಂದು ಚಿಕ್ಕ ಹೂಳುಗುಂಡಿ ತೋಡಿದೆವು. ಹರಿದುಬರುವ ಮಣ್ಣು ಅಲ್ಲಿಯೇ ಕೂತು, ತಿಳಿಯಾದ ನೀರು ಮುಂದಕ್ಕೆ ಹೋಗಲೆಂದು. ಏರಿಯ ಮೇಲೆ ಲಾವಂಚ ನೆಟ್ಟೆವು.

ಇಲ್ಲಿ ಯಂತ್ರದ ಪ್ರಶ್ನೆ ಬರುತ್ತದೆ. ಜೆ.ಸಿ.ಬಿ. ಕರೆಸಿದರೆ ಅರ್ಧ ದಿನದ ಕೆಲಸವಲ್ಲವೆ ಎಂದು ಕೇಳದವರಿಲ್ಲ. ನಾನು ಯಂತ್ರದ್ವೇಷಿಯಲ್ಲ, ಇಪ್ಪತ್ತು ಎಕರೆ ಕೆರೆಯ ಹೂಳನ್ನು ಬಾಂಡ್ಲಿಯಲ್ಲಿ ಹೊರಿ ಎನ್ನುವವಳೂ ಅಲ್ಲ. ಆದರೆ ಹಳೆಯ ಕುಂಟೆಯ ತಳದಲ್ಲಿ ಜೇಡಿಯ ಪದರವೊಂದಿರುತ್ತದೆ. ನೀರು ನಿಲ್ಲುವುದು ಅದರ ದೆಸೆಯಿಂದ. ಮೇಲಿನ ಹೂಳು ಕಪ್ಪು, ಮೆದು. ಕೆಳಗಿನ ಜೇಡಿ ಬೂದು, ಗಟ್ಟಿ. ಹಾರೆಯ ಮೊನೆಗೆ ಆ ವ್ಯತ್ಯಾಸ ತಿಳಿಯುತ್ತದೆ, ಯಂತ್ರದ ಬಾಯಿಗೆ ಅಷ್ಟು ಸುಲಭವಾಗಿ ತಿಳಿಯದು. ಆಳವಾದಷ್ಟೂ ಒಳ್ಳೆಯದೆಂದು ಜೇಡಿಯನ್ನೂ ಕಿತ್ತರೆ, ಮಳೆ ಬಂದ ವಾರಕ್ಕೆ ನೀರು ಇಂಗಿಹೋಗಿ ಕುಂಟೆ ಒಣಗುತ್ತದೆ. ಇಂಗುಗುಂಡಿಯೇ ಬೇಕಾದವರಿಗೆ ಅದು ಸರಿ. ನೀರು ನಿಲ್ಲಬೇಕೆನ್ನುವವರಿಗೆ ನಷ್ಟ. ಅಲ್ಲದೆ ಗೋಡೆಯಂತೆ ಕಡಿದ ದಡದಲ್ಲಿ ಬಿದ್ದ ಕರು ಮೇಲೆ ಬರಲಾರದು, ಕಪ್ಪೆಯೂ ಬರಲಾರದು.

ಇದಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ಕಂತ್ರಾಟುದಾರ ಒಂದು ಸಲ ಬರುತ್ತಾನೆ. ಹೂಳು ಪ್ರತಿ ವರ್ಷ ಬರುತ್ತದೆ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಇತಿಹಾಸದ ತರಗತಿಯಲ್ಲಿ ಕಟ್ಟುಕೊಡಗೆಯ ಶಾಸನಗಳನ್ನು ಓದಿದವರು ನೆನಪು ಮಾಡಿಕೊಳ್ಳಲಿ: ಕೆರೆ ಕಟ್ಟಿದವರಿಗೆ ಮಾತ್ರವೇ ಅಲ್ಲ, ಅದನ್ನು ನೋಡಿಕೊಳ್ಳುವುದಕ್ಕೂ, ಹೂಳೆತ್ತುವ ಬಂಡಿಯ ವೆಚ್ಚಕ್ಕೂ ಭೂಮಿ ಬಿಡುತ್ತಿದ್ದರು. ತೂಬನ್ನು ಕಾಯಲು ನೀರುಗಂಟಿಯಿದ್ದ. ಕುಂಟೆಗೆ ನೀರುಗಂಟಿಯನ್ನು ಯಾವ ಅರಸನೂ ನೇಮಿಸಲಿಲ್ಲ. ಆ ಕೆಲಸ ಮನೆಯವರದಾಗಿತ್ತು. ಮನೆಯವರು ಪೇಟೆ ಸೇರಿದರು, ಕುಂಟೆ ಪೊದೆಯಾಯಿತು.

ಇನ್ನು ನಮ್ಮ ತಾಯಿಯವರ ಆಕ್ಷೇಪಣೆ. ಮೊದಲನೆಯ ಭಾನುವಾರ ನಾನು ಬಾಂಡ್ಲಿಯನ್ನು ತಲೆಗೇರಿಸಿಕೊಂಡಾಗ ಅವರು ಅದನ್ನು ಕಿತ್ತುಕೊಂಡು, “ನಾನ್ ಹೊತ್ತಿದ್ದು ಸಾಲ್ದೇನೇ? ನೀನೂ ಹೊರ್ಲಿ ಅಂತ ಬಿ.ಎ. ಓದಿಸ್ದ್ನಾ?” ಎಂದರು. ಈ ಮಾತಿಗೆ ಉತ್ತರ ಕೊಡದೆ ಶ್ರಮದ ಮಹಿಮೆಯನ್ನು ಹಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಶಿಬಿರಗಳಲ್ಲಿ ಹೊಸ ಗುದ್ದಲಿ ಹಿಡಿದು, ಫೋಟೋ ತೆಗೆಸಿಕೊಂಡು, ಉಪ್ಪಿಟ್ಟು ತಿಂದು ಬರುವುದು ಶ್ರಮವಲ್ಲ. ಮೈಮುರಿದು ದುಡಿಯುವುದು ತನ್ನಷ್ಟಕ್ಕೆ ಪುಣ್ಯವೂ ಅಲ್ಲ. ಹಾಗಿದ್ದಿದ್ದರೆ ನಮ್ಮ ತಾಯಿಯಷ್ಟು ಪುಣ್ಯವಂತರು ಜೆ.ಪಿ. ನಗರದಲ್ಲಿ ಬೇರೆ ಇರುತ್ತಿರಲಿಲ್ಲ. ಅವರು ಹೊತ್ತ ಇಟ್ಟಿಗೆಯ ಮನೆಗಳ ಒಳಗೆ ಅವರು ಕಾಲಿಟ್ಟದ್ದು ಗೃಹಪ್ರವೇಶದ ಹಿಂದಿನ ದಿನದವರೆಗೆ ಮಾತ್ರ.

ಆದರೂ ನಾನು ಬಾಂಡ್ಲಿಯನ್ನು ಮರಳಿ ತೆಗೆದುಕೊಂಡೆ. ಹೊರೆ ಅದೇ ಆದರೂ ಕೆಲಸ ಅದೇ ಅಲ್ಲ. ಎಲ್ಲಿಗೆ ಹೊರಬೇಕು, ಎಷ್ಟು ಹೊತ್ತಿಗೆ ಕೂರಬೇಕು, ಯಾವ ಕಲ್ಲು ಎಲ್ಲಿರಬೇಕು ಎಂಬುದನ್ನು ಇಲ್ಲಿ ನಿರ್ಧರಿಸುವವರು ನಾವು. ಅರ್ಥಶಾಸ್ತ್ರದ ಪುಸ್ತಕದಲ್ಲಿ ಭೂಮಿ, ಶ್ರಮ, ಬಂಡವಾಳ, ಸಂಘಟನೆ ಎಂದು ಉತ್ಪಾದನೆಯ ನಾಲ್ಕು ಅಂಗಗಳನ್ನು ಬೇರೆ ಬೇರೆಯಾಗಿ ವಿವರಿಸಿದ್ದಾರೆ. ಮೂರನೆಯ ಭಾನುವಾರ ಏರಿಯ ಮೇಲೆ ನಿಂತು, “ಆ ಕಡೆ ಇಳಿಜಾರು ಸಾಲ್ದು, ಇನ್ನೊಂದ್ ಗೇಣು ತೆಗೀರಿ” ಎಂದು ತಂದೆಯವರಿಗೂ ದೊಡ್ಡಪ್ಪನಿಗೂ ಹೇಳುತ್ತಿದ್ದ ನಮ್ಮ ತಾಯಿ ಆ ನಾಲ್ಕರಲ್ಲಿ ಯಾವುದೋ ನಾನರಿಯೆ. ಇಪ್ಪತ್ತು ವರ್ಷ ಅವರ ತಲೆಯನ್ನು ಬಾಂಡ್ಲಿ ಇಡುವುದಕ್ಕೆ ಮಾತ್ರ ಕೊಂಡವರಿಗೆ ಈ ತಿಳಿವಳಿಕೆ ಅದರೊಳಗಿದ್ದುದು ಗೊತ್ತಾಗಲಿಲ್ಲ. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳ ಹೂಳು ತೆಗೆದು ಮತ್ತೆ ನೀರು ಬರಿಸಿದವರು ಭೋವಿ ಸಮುದಾಯದ ಬಾವಿ ತೋಡುವವರು; ಅವರ ವಿದ್ಯೆಗೂ ಪದವಿಯಿಲ್ಲ. ಮೊದಲ ಪದವೀಧರರಾಗುವ ನಾವು ಮಣ್ಣನ್ನು ಬಿಟ್ಟೋಡಿದರೆ ಈ ವಿದ್ಯೆಯನ್ನು ಬರೆದಿಡುವವರೂ ಇಲ್ಲ, ಮಾಡುವವರೂ ಇಲ್ಲ. ಅದಕ್ಕೇ ನಾವು ಬಾಂಡ್ಲಿಯ ಬಳಿಯೂ ಇರಬೇಕು, ಲೆಕ್ಕದ ಬಳಿಯೂ ಇರಬೇಕು.

ಸೊಳ್ಳೆಯಾಗುವುದಿಲ್ಲವೆ ಎಂದು ಕೇಳುವವರುಂಟು. ಡೆಂಗ್ಯೂ ಹರಡುವ ಸೊಳ್ಳೆ ಹೆಚ್ಚಾಗಿ ಹುಟ್ಟುವುದು ಮನೆಯ ಹೂಕುಂಡದ ತಟ್ಟೆಯಲ್ಲಿ, ತೆಂಗಿನ ಚಿಪ್ಪಿನಲ್ಲಿ, ಹಳೆಯ ಟೈರಿನಲ್ಲಿ. ಮೀನು ಕಪ್ಪೆಗಳಿರುವ ಕುಂಟೆಯನ್ನು ದೂರುವ ಮೊದಲು ತಾರಸಿಯನ್ನು ನೋಡಿಕೊಳ್ಳಲಿ. ತಾರಸಿಯ ಮಾತು ಬಂದುದರಿಂದ ಇದನ್ನೂ ಹೇಳಿಬಿಡುತ್ತೇನೆ: ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರು, ಮೂವತ್ತು ನಲವತ್ತರ ನಿವೇಶನದ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರಿಗೂ ಮಿಕ್ಕಿ ನೀರು ಬೀಳುತ್ತದೆ. ಜಮೀನಿಲ್ಲದವರಿಗೂ ಕುಂಟೆಯಿಲ್ಲವೆಂದಲ್ಲ.

ಮನೆಯವರ ಕೈಗೆ ಮಿತಿಯೂ ಇದೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ನೋಡಿ. 2010ರಲ್ಲಿ ಸುತ್ತಲಿನ ನಿವಾಸಿಗಳು, ಲೇಖಕಿ ಉಷಾ ರಾಜಗೋಪಾಲನ್ ಮೊದಲಾದವರು, ಒಂದು ಟ್ರಸ್ಟು ಕಟ್ಟಿಕೊಂಡರು. 2011ರಲ್ಲಿ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಆ ಕೆರೆಯ ಪಾಲನೆಗೆ ನಿಂತರು. ಗಿಡ ನೆಟ್ಟರು, ಕಳೆ ಕಿತ್ತರು, ಹಕ್ಕಿಗಳು ಬಂದವು. ಆದರೆ ನೀರು? ಮಳೆನೀರು ಹರಿದುಬರುತ್ತಿದ್ದ ದಾರಿಗಳನ್ನು ಬಡಾವಣೆಗಳು ನುಂಗಿಬಿಟ್ಟಿದ್ದವು. ಪಕ್ಕದ ವಸತಿ ಸಮುಚ್ಚಯದ ಶುದ್ಧೀಕರಿಸಿದ ನೀರನ್ನು ಕೆರೆಗೆ ತರಬೇಕಾಯಿತು. ಕುಂಟೆಯ ಒಳಗೆ ಎಷ್ಟೇ ಬೆವರು ಸುರಿಸಿದರೂ ಹೊರಗಿನ ಇಳಿಜಾರು ನಮ್ಮದಲ್ಲದಿದ್ದರೆ ಅದು ಖಾಲಿ ಪಾತ್ರೆಯೇ. ಆದ್ದರಿಂದ ಹಾರೆ ಹಿಡಿಯುವ ಮೊದಲು ಪಹಣಿಯನ್ನೂ ಗ್ರಾಮನಕ್ಷೆಯನ್ನೂ ತೆಗೆದು ನೋಡಬೇಕು. ಹಳ್ಳವೋ ಕುಂಟೆಯೋ ‘ಬಿ’ ಖರಾಬೆಂದು ನಮೂದಾಗಿದ್ದರೆ ಅದು ಸಾರ್ವಜನಿಕರದು. ಮುಚ್ಚುವ ಹಕ್ಕು ನಮಗೂ ಇಲ್ಲ, ನೆರೆಯವನಿಗೂ ಇಲ್ಲ.

ಕೆಳಗಿನ ಕುಂಟೆಯನ್ನು ನಾವು ಇನ್ನೂ ಮುಟ್ಟಿಲ್ಲ. ಅದಕ್ಕೆ ನೀರು ಬರುವ ಕಾಲುವೆ ಪಕ್ಕದ ಹೊಲದಲ್ಲಿದೆ, ಆ ಹೊಲ ಈಚೆಗೆ ಕೈಬದಲಾಗಿದೆ, ಹೊಸಬರು ಕಾಂಪೌಂಡಿಗೆ ಕಲ್ಲು ಇಳಿಸಿದ್ದಾರೆ. ಗ್ರಾಮನಕ್ಷೆಯಲ್ಲಿ ಆ ಕಾಲುವೆಯ ಗೆರೆ ಸ್ಪಷ್ಟವಾಗಿದೆ. ಅದರ ಪ್ರತಿಯನ್ನು ಹಿಡಿದುಕೊಂಡು ಬರುವ ಭಾನುವಾರ ತಂದೆಯವರೂ ದೊಡ್ಡಪ್ಪನೂ ಅವರಲ್ಲಿಗೆ ಹೋಗುವರು. ನಕ್ಷೆ ಓದುವುದಕ್ಕೆಂದು ನಾನೂ ಹೋಗಬೇಕಾಗಿದೆ. ಮಾತನಾಡುವುದು ತಾನೇ ಎಂದು ತಾಯಿಯವರು ಈಗಾಗಲೇ ಹೇಳಿದ್ದಾರೆ.