ಬಫಲೋದ ಸಿಟ್ಟು, ಬೆಂಗಳೂರಿನ ಸಿಟ್ಟು

'ಅಮೆರಿಕದವರಿಗೆ ನಮ್ಮ ಮೇಲೆ ಹೊಟ್ಟೆಕಿಚ್ಚು' ಎನ್ನುವವರ ಜೊತೆ ನನಗೆ ಜಗಳವಿದೆ. 2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಹೇರಿದ ಮೇಲಂತೂ ಮದುವೆಮನೆಯಲ್ಲೂ ಇದೇ ಮಾತು. ಹೊಟ್ಟೆಕಿಚ್ಚಾಗಿದ್ದರೆ ಅದು ಸದಾ ಇರಬೇಕಿತ್ತಲ್ಲ? ಇದು ಬರುತ್ತದೆ, ಹೋಗುತ್ತದೆ.

2000ದ ಅಕ್ಟೋಬರಿನಲ್ಲಿ ಅಲ್ಲಿನ ನಿರುದ್ಯೋಗ ಶೇ. 4ರಷ್ಟೂ ಇರಲಿಲ್ಲ. ಕಂಪನಿಗಳಿಗೆ ಜನ ಸಾಲದು. ಸಂಸತ್ತು ಎಚ್-1ಬಿ ಮಿತಿಯನ್ನು 1,95,000ಕ್ಕೆ ಏರಿಸಿತು. ಆಗ ನಾವು 'ಪ್ರತಿಭಾವಂತರು'. ಡಾಟ್‌ಕಾಂ ಗುಳ್ಳೆ ಒಡೆಯಿತು; 2004ಕ್ಕೆ ಮಿತಿ ಮತ್ತೆ 65,000. 2009ರ ಮೇನಲ್ಲಿ ಒಬಾಮ, ಬಫಲೋದಲ್ಲಿ ಉದ್ಯೋಗ ಸೃಷ್ಟಿಸುವುದಕ್ಕಿಂತ ಬೆಂಗಳೂರಿನಲ್ಲಿ ಸೃಷ್ಟಿಸಿದರೆ ತೆರಿಗೆ ಕಡಿಮೆ ಎಂದು ದೂರಿದರು. ಆ ಅಕ್ಟೋಬರಿಗೆ ನಿರುದ್ಯೋಗ ಶೇ. 10 ಮುಟ್ಟಿತು. ಮರುವರ್ಷ ಆಗಸ್ಟಿನಲ್ಲಿ, ಅರ್ಧಕ್ಕಿಂತ ಹೆಚ್ಚು ನೌಕರರು ವೀಸಾದ ಮೇಲಿರುವ ಕಂಪನಿಗಳಿಗೆ 2,000 ಡಾಲರ್ ಹೆಚ್ಚುವರಿ ಶುಲ್ಕ ಬಿತ್ತು. ಆ ಹಣ ಹೋಗಬೇಕಾದದ್ದು ಗಡಿ ಕಾವಲಿಗಂತೆ! ಅದೇ ತಿಂಗಳು ಓಹಿಯೋ ರಾಜ್ಯಪಾಲರು ಸರ್ಕಾರಿ ಕೆಲಸ ಹೊರದೇಶಕ್ಕೆ ಹೋಗದಂತೆ ತಡೆದರು. ಹೆಸರು ಶುಲ್ಕವಾದರೇನು, ಸೇವೆಯ ವ್ಯಾಪಾರಕ್ಕೆ ಇದು ಸುಂಕವೇ.

2025ರಲ್ಲಿ ಒಟ್ಟು ನಿರುದ್ಯೋಗ ಶೇ. 4.3 ಮಾತ್ರ ಇತ್ತಲ್ಲ ಎನ್ನಬಹುದು. ಸರಿ. ಆದರೆ ಟೆಕ್ ಕಂಪನಿಗಳು ಮೂರು ವರ್ಷದಿಂದ ಜನರನ್ನು ತೆಗೆಯುತ್ತಲೇ ಇದ್ದವು. ಸಿಟ್ಟು ಸರಾಸರಿ ಅಂಕಿಯನ್ನು ನೋಡಿ ಹುಟ್ಟುವುದಿಲ್ಲ.

ಈ ಸಿಟ್ಟನ್ನು ನಾನು ಹಳಿಯಲಾರೆ. ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ಮರುತರಬೇತಿ ಮತ್ತು ಭತ್ಯೆ ಕೊಡುವ ಯೋಜನೆಯೊಂದು ಅಮೆರಿಕದಲ್ಲಿ 1962ರಿಂದ ಇತ್ತು. ಅದು ಮುಖ್ಯವಾಗಿ ಕಾರ್ಖಾನೆಯವರಿಗೆ; ಸೇವಾ ವಲಯಕ್ಕೆ ವಿಸ್ತರಿಸಿದ್ದು 2009ರಲ್ಲಿ, ಹೊರಗುತ್ತಿಗೆ ಬೇರೂರಿದ ಎಷ್ಟೋ ವರ್ಷಗಳ ಮೇಲೆ. 2022ರ ಜುಲೈಯಿಂದ ಹೊಸಬರಿಗೆ ಅದೂ ಬಂದ್. ಮುಕ್ತ ವ್ಯಾಪಾರದ ಲಾಭ ಉಂಡವರು ನಷ್ಟವಾದವರ ತಟ್ಟೆಗೆ ಏನನ್ನೂ ಬಡಿಸದಿದ್ದರೆ, ಆ ತಟ್ಟೆಯನ್ನು ಟ್ರಂಪ್ ಬಡಿಯುತ್ತಾರೆ.

ನಮ್ಮಲ್ಲೇನು ಬೇರೆಯೇ? 2024ರ ಜುಲೈಯಲ್ಲಿ ಕರ್ನಾಟಕ ಸಂಪುಟ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಗುಲ್ಲೆಬ್ಬಿಸಿದರು, ಸರ್ಕಾರ ಅದನ್ನು ತಡೆಹಿಡಿಯಿತು. ಆ ಮಸೂದೆಗೆ ಚಪ್ಪಾಳೆ ತಟ್ಟಿ ವೀಸಾ ಶುಲ್ಕವನ್ನು ಜನಾಂಗದ್ವೇಷ ಎನ್ನುವವರಿಗೂ, ಅದನ್ನು ಸಂಕುಚಿತತೆ ಎಂದು ಬೈದು ಬೇರೇನೂ ಹೇಳದವರಿಗೂ ನನ್ನದು ಒಂದೇ ಪ್ರಶ್ನೆ: ಪದವಿ ಹಿಡಿದು ಕೆಲಸವಿಲ್ಲದೆ ಕೂತ ಹುಡುಗಿಗೆ ನಾಳೆಯಿಂದ ಸಂಬಳ ಯಾರು ಕೊಡುತ್ತಾರೆ?