ಕುಣಿಗಲ್ ಕೆರೆಯ ಏರಿಯ ಮೇಲೆ

ಹೋದ ಚಳಿಗಾಲದ ಒಂದು ಸಂಜೆ, ಗಂಟೆ 6-48. ಕುಣಿಗಲ್ ಕೆರೆಯ ಏರಿಯ ಮೇಲೆ ನನ್ನ ಸೋದರಮಾವನವರೂ ನಾನೂ ವಾಯವ್ಯ ದಿಕ್ಕಿಗೆ ಮುಖಮಾಡಿ ನಿಂತಿದ್ದೆವು. ಕಾರಿನ ಬಾನೆಟ್ಟಿನ ಮೇಲೆ ನನ್ನ ಲ್ಯಾಪ್‌ಟಾಪು ತೆರೆದಿತ್ತು. ಅದರ ಪರದೆಯ ಮೇಲೂ ಕುಣಿಗಲ್ಲಿನದೇ ಆಕಾಶ, ಅವೇ ನಕ್ಷತ್ರಗಳು. ಹೇಳಿದ ಹೊತ್ತಿಗೆ ಸರಿಯಾಗಿ ಪರದೆಯ ಅಂಚಿನಲ್ಲಿ ಒಂದು ಚುಕ್ಕಿ ಮೂಡಿತು. ಮೆಲ್ಲಮೆಲ್ಲನೆ ನೆತ್ತಿಯತ್ತ ಏರಿತು. ಮೇಲಿನ ಆಕಾಶದಲ್ಲಿ ಮಾತ್ರ ಏನೂ ಇಲ್ಲ.

ಮಾವನವರು ಒಮ್ಮೆ ಪರದೆಯನ್ನೂ ಒಮ್ಮೆ ಆಕಾಶವನ್ನೂ ನೋಡಿ, "ಇಲ್ಲಿ ಬಂತಲ್ಲಪ್ಪ, ಅಲ್ಲೇಕೆ ಬರಲಿಲ್ಲ?" ಎಂದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾಲ್ಕು ನಿಮಿಷ ಕಾದೆವು. ಚಳಿಗಾಳಿ ಬೀಸುತ್ತಿತ್ತು; ಅವರಿಗೆ ಮಂಡಿನೋವು. ಕೈಹಿಡಿದು ಕಾರಿನಲ್ಲಿ ಕೂರಿಸಿ ಮನೆಗೆ ಬಂದರೆ, ಅವರ ಮೊಮ್ಮಗ ಮಹಡಿಯಿಂದ ಕುಣಿದುಕೊಂಡು ಇಳಿದುಬಂದು, "ತಾತ, ನೋಡಿದಿರಾ? ಎಷ್ಟು ದೊಡ್ಡ ಚುಕ್ಕಿ! ನಮ್ಮ ಮನೆಯ ಮೇಲೇ ಹೋಯಿತು!" ಎಂದನು. ನಾವು ಕಾರಿನ ಸೂರಿನಡಿ ಕುಳಿತಿದ್ದಾಗಲೇ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ನಮ್ಮ ನೆತ್ತಿಯ ಮೇಲೆ ಹಾದುಹೋಗಿತ್ತು!

ಮಾವನವರ ಪಾಲಿಗೆ ಇದು ಮಕ್ಕಳಾಟವಲ್ಲವೆಂಬುದನ್ನು ಓದುಗರಿಗೆ ತಿಳಿಸಬೇಕು. ಅವರು ಹುಟ್ಟಿ ಬೆಳೆದದ್ದು ಗುಬ್ಬಿಯಲ್ಲಿ. ಮೇಷ್ಟರ ಕೆಲಸ ಮಾಡಿ, ನಿವೃತ್ತರಾಗಿ ನೆಲೆಸಿದ್ದು ಕುಣಿಗಲ್ಲಿನಲ್ಲಿ. 1957ರ ಅಕ್ಟೋಬರ್ 4ರಂದು ರಷ್ಯದವರು ಸ್ಪುಟ್ನಿಕ್ಕನ್ನು ಹಾರಿಸಿದಾಗ ಅವರಿಗೆ ಹನ್ನೆರಡು ವರ್ಷ. ಗುಬ್ಬಿಯ ಮನೆಯ ಮಾಳಿಗೆಯ ಮೇಲಿಂದ ಆ 'ಕೃತಕ ಚಂದ್ರ'ನನ್ನು ಕಂಡೆನೆಂದು ಇಂದಿಗೂ ಹೇಳುತ್ತಾರೆ. ಅವರು ಕಂಡದ್ದು ಬಹುಶಃ ಅದನ್ನು ಹೊತ್ತೊಯ್ದ ರಾಕೆಟ್ಟಿನ ಒಡಲು. 58 ಸೆಂಟಿಮೀಟರಿನ ಗುಂಡು ಬರಿಗಣ್ಣಿಗೆ ಕಾಣುವುದು ಬಹಳ ಕಷ್ಟ. ನಾನು ಇದನ್ನು ಅವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

2025ರ ಜೂನ್ 26ರಂದು ನಮ್ಮ ಶುಭಾಂಶು ಶುಕ್ಲರು ನಿಲ್ದಾಣವನ್ನು ಸೇರಿದಾಗ ಮಾವನವರ ಹಳೆಯ ಹಂಬಲ ಮತ್ತೆ ಚಿಗುರಿತು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದವರು ಕಳುಹಿಸಿದ ಹೆಸರು, ಮೆಂತ್ಯಗಳನ್ನು ಅಲ್ಲಿ ಮೊಳಕೆ ಬರಿಸಿದರೆಂದು ಓದಿ, "ಮೊದಲನೆಯದನ್ನು ನೋಡಿದವನು ನಾನು, ನಮ್ಮವನು ಇರುವುದನ್ನೂ ನೋಡಬೇಕು" ಎಂದು ಹಟ ಹಿಡಿದರು. ಆದರೆ ಅದು ಆಷಾಢ. ಶುಕ್ಲರು ಜುಲೈ 15ರಂದು ಭೂಮಿಗೆ ಇಳಿಯುವವರೆಗೂ ನಾನು ಕುಣಿಗಲ್ಲಿಗೆ ಹೋದ ದಿನಗಳಲ್ಲೆಲ್ಲ ಮೋಡ. ನಿಲ್ದಾಣವನ್ನೇ 2030ರ ಸುಮಾರಿಗೆ ಸಾಗರಕ್ಕೆ ಇಳಿಸುವ ಯೋಜನೆಯಿದೆಯೆಂದು ತಿಳಿದ ಮೇಲೆ, "ಅದು ಮೊದಲೊ, ನಾನು ಮೊದಲೊ" ಎಂದು ನಕ್ಕರು. ಆ ನಗೆ ನನಗೆ ಹಿಡಿಸಲಿಲ್ಲ.

ನಾನು ಬಳಸಿದ್ದು ಸ್ಟೆಲೇರಿಯಂ ಎಂಬ, ದುಡ್ಡಿಲ್ಲದೆ ದೊರೆಯುವ ತಂತ್ರಾಂಶ. ಫ್ರಾನ್ಸಿನ ಫಾಬಿಯನ್ ಶೆರೋ ಎಂಬವರು ಆರಂಭಿಸಿದ್ದು. ಊರನ್ನೂ ಕಾಲವನ್ನೂ ತಿಳಿಸಿದರೆ ಆ ಹೊತ್ತಿನ ಆಕಾಶವನ್ನು ಬರೆದು ತೋರಿಸುತ್ತದೆ. ನಕ್ಷತ್ರಗಳ ಮಾತಿನಲ್ಲಿ ಅದು ನನ್ನನ್ನು ಎಂದೂ ಮೋಸಗೊಳಿಸಿರಲಿಲ್ಲ. ನಿಲ್ದಾಣದ ವಿಷಯದಲ್ಲೇಕೆ ಹೀಗಾಯಿತು? ರಾತ್ರಿ ತುಮಕೂರಿಗೆ ಮರಳಿ ಊಟವನ್ನೂ ಮಾಡದೆ ಹುಡುಕುತ್ತ ಕುಳಿತೆನು.

ಪರದೆಯ ಮೇಲಿನ ಚುಕ್ಕಿ ನಿಲ್ದಾಣದ ಚಿತ್ರವಲ್ಲ. ಒಂದು ಗಣಿತದ ಫಲ ಮಾತ್ರ. ಆ ಗಣಿತಕ್ಕೆ ಆಧಾರ ಎರಡು ಸಾಲಿನ ಅಂಕೆಗಳು. ಸಾಲಿಗೆ 69 ಅಕ್ಷರಸ್ಥಾನಗಳು; ಒಂದು ಸ್ಥಾನ ಆಚೀಚೆಯಾದರೂ ಕೆಟ್ಟಿತು. ನಮ್ಮ ಛಂದಸ್ಸಿಗಿಂತ ಬಿಗಿ! ಸಾಲಿನ ಕೊನೆಯ ಅಂಕಿಯಂತೂ ಉಳಿದವು ಸರಿಯಾಗಿವೆಯೇ ಎಂದು ಪರೀಕ್ಷಿಸುವುದಕ್ಕೇ ಇರುವಂಥದು. ಕಕ್ಷೆಯ ಬಾಗು, ದಿನಕ್ಕೆ ಎಷ್ಟು ಸುತ್ತು, ಇಂಥ ಕ್ಷಣದಲ್ಲಿ ಎಲ್ಲಿತ್ತು ಎಂಬುದೆಲ್ಲ ಆ 'ದ್ವಿಪದಿ'ಯಲ್ಲಿ ಅಡಗಿದೆ. ಅಮೆರಿಕದ ಸೇನೆಯವರು ರೇಡಾರುಗಳಿಂದ ಅಳೆದು ಹೊಸ ಹೊಸದಾಗಿ ಬರೆಯುತ್ತಿರುತ್ತಾರೆ. ಕೆಲ್ಸೊ ಎಂಬವರು 1985ರಲ್ಲಿ ತೊಡಗಿದ ಸೆಲೆಸ್ಟ್ರಾಕ್ ಎಂಬ ಭಂಡಾರದಿಂದ ತಂತ್ರಾಂಶವು ಅದನ್ನು ತರಿಸಿಕೊಳ್ಳುತ್ತದೆ. ಅಂತರ್ಜಾಲದ ಸಂಪರ್ಕವಿದ್ದರೆ ತಾನೆ ತರಿಸುವುದು? ನನ್ನ ಲ್ಯಾಪ್‌ಟಾಪು ಇಪ್ಪತ್ತು ದಿನಗಳಿಂದ ಆ ಸಂಪರ್ಕವನ್ನೇ ಕಂಡಿರಲಿಲ್ಲ. ದೋಷ ನನ್ನದು.

ನಕ್ಷತ್ರಗಳಿಗೆ ಇಪ್ಪತ್ತು ದಿನ ಲೆಕ್ಕವಲ್ಲ. ನಿಲ್ದಾಣವಾದರೋ ಸುಮಾರು 420 ಕಿಲೋಮೀಟರ್ ಎತ್ತರದಲ್ಲಿ, ತೆಳುವಾದರೂ ಗಾಳಿಯಿರುವ ಎಡೆಯಲ್ಲಿ ಓಡುವಂಥದು. ಗಾಳಿ ಅದನ್ನು ದಿನದಿನವೂ ಕೆಳಕ್ಕೆಳೆಯುತ್ತದೆ. ಆಗಾಗ ಎಂಜಿನ್ನು ಉರಿಸಿ ಮೇಲೆತ್ತುತ್ತಾರೆ. ಎತ್ತುವರೆಂಬುದು ಹಳೆಯ ಎರಡು ಸಾಲುಗಳಿಗೆ ಹೇಗೆ ಗೊತ್ತಾಗಬೇಕು? ಒಂದೇ ಕಿಲೋಮೀಟರು ಎತ್ತಿದರೂ ಸುತ್ತೊಂದಕ್ಕೆ ಸುಮಾರು 1.2 ಸೆಕೆಂಡು ಹೆಚ್ಚು ಹಿಡಿಯುತ್ತದೆ. ದಿನಕ್ಕೆ ಹದಿನೈದೂವರೆ ಸುತ್ತು. ದಿನಕ್ಕೆ ಸುಮಾರು 19 ಸೆಕೆಂಡು. ಇಪ್ಪತ್ತು ದಿನಕ್ಕೆ ಆರು ನಿಮಿಷಕ್ಕೂ ಮಿಗಿಲು. ಒಂದು ಸಲಕ್ಕೆ ಅದು ಕಣ್ಣಿಗೆ ಕಾಣುವುದೇ ಹೆಚ್ಚೆಂದರೆ ಆರೇಳು ನಿಮಿಷ!

ಮರುದಿನ ಫೋನಿನಲ್ಲಿ ತಪ್ಪೊಪ್ಪಿಕೊಂಡೆನು. ಮಾವನವರ ತಂದೆ ಊರಿಗೆಲ್ಲ ಪಂಚಾಂಗ ಹೇಳುತ್ತಿದ್ದವರು. ಅವರು ಕೇಳಿದ್ದು ಒಂದೇ ಮಾತು: "ಬೀಜಸಂಸ್ಕಾರ ಮಾಡದ ಪಂಚಾಂಗ ಹಿಡಿದು ಗ್ರಹಣಕ್ಕೆ ಕಾಯುವವರುಂಟೇನಪ್ಪ?"

ಎಂಥ ಮಾತು! ಗ್ರಹಗಳನ್ನು ಕಣ್ಣಿನಿಂದ ಕಂಡು, ಗಣಿತದ ಮೂಲಾಂಕಗಳನ್ನು ತಿದ್ದಿಕೊಳ್ಳುವುದಕ್ಕೆ ನಮ್ಮ ಜ್ಯೋತಿಷಿಗಳು ಇಟ್ಟ ಹೆಸರು ಬೀಜಸಂಸ್ಕಾರ. ಕೇರಳದ ಪರಮೇಶ್ವರನು 1431ರಲ್ಲಿ 'ದೃಗ್ಗಣಿತ'ವನ್ನು ಬರೆದದ್ದೂ ಕಣ್ಣಿಗೂ ಲೆಕ್ಕಕ್ಕೂ ಹೊಂದಿಕೆ ತಪ್ಪಿದ್ದರಿಂದಲೇ. ಎಂ.ಎ. ತರಗತಿಯಲ್ಲಿ ಓದಿದ್ದ ಶಬ್ದ ನನಗೆ ಅರ್ಥವಾದದ್ದು ಅಂದು.

ಮುಂದಿನ ವಾರ ಗುಬ್ಬಿಯ ಹಳೆಯ ಮನೆಯಲ್ಲಿ ಒಂದು ನಾಮಕರಣ. ಹೊರಡುವ ಮುನ್ನ ಹೊಸ ಎರಡು ಸಾಲುಗಳನ್ನು ತರಿಸಿಕೊಂಡು, ಕುಣಿಗಲ್ಲಿನ ಬದಲು ಗುಬ್ಬಿಯ ಅಕ್ಷಾಂಶ ರೇಖಾಂಶಗಳನ್ನು ತುಂಬಿದೆನು. ಇದು ಅತಿಜಾಗ್ರತೆಯೆನ್ನಬಹುದು. ತುಮಕೂರಿನಿಂದ ಗುಬ್ಬಿಗೆ ಬಸ್ಸಿನವನು ಅರ್ಧ ಗಂಟೆಗೂ ಹೆಚ್ಚು ತೆಗೆದುಕೊಳ್ಳುವ ದಾರಿಗೆ ನಿಲ್ದಾಣಕ್ಕೆ ಮೂರು ಸೆಕೆಂಡು ಸಾಕು. ಆದರೂ ಒಮ್ಮೆ ಮುಖಭಂಗವಾದವನು ನಾನು.

ಮಾಳಿಗೆಯ ಮೇಲೆ ಕುರ್ಚಿ ಹಾಕಿಸಿದೆನು. ಮಾವನವರು ಲ್ಯಾಪ್‌ಟಾಪಿನತ್ತ ತಿರುಗಿಯೂ ನೋಡದೆ ಕೈಗಡಿಯಾರವನ್ನೇ ನೋಡುತ್ತಿದ್ದರು. ಅದು ತುಮಕೂರಿನ ಎಚ್.ಎಂ.ಟಿ. ಕಾರ್ಖಾನೆಯದು, ಆ ಕಾರ್ಖಾನೆ ಮುಚ್ಚಿ, ಜಾಗ ಈಗ ಇಸ್ರೋ ಸಂಸ್ಥೆಯದಾಗಿದೆ. ಕತ್ತಲೆ ಕವಿದಿತ್ತು. ನಮಗೆ ಮುಳುಗಿದ ಸೂರ್ಯ ಅಷ್ಟೆತ್ತರದಲ್ಲಿ ಇನ್ನೂ ಮುಳುಗಿರುವುದಿಲ್ಲ. ಆ ಬೆಳಕೇ ನಿಲ್ದಾಣವನ್ನು ನಮಗೆ ತೋರಿಸುವುದು.

"ಬಂತು" ಎಂದರು ಮಾವನವರು, ನನಗಿಂತ ಮೊದಲೇ.

ತೆಂಗಿನ ಮರಗಳ ಮೇಲಿಂದ ಮಿನುಗದ ಒಂದು ಬೆಳಕು ಎದ್ದು, ನೆತ್ತಿಯನ್ನು ಹಾದು, ಆಗ್ನೇಯದ ಕಡೆ ಇಳಿಯುತ್ತ ಭೂಮಿಯ ನೆರಳನ್ನು ಹೊಕ್ಕು ಆರಿಹೋಯಿತು. ಅವರು ಕುರ್ಚಿಯಿಂದ ಯಾವಾಗ ಎದ್ದು ನಿಂತಿದ್ದರೋ ನಾನು ಗಮನಿಸಿರಲಿಲ್ಲ. ಬಹಳ ಹೊತ್ತು ಮಾತಾಡಲಿಲ್ಲ. ಕೆಳಗಿನಿಂದ ಕಾಫಿ ಬಂದ ಮೇಲೆ, "ಈಗ ಎಲ್ಲಿದೆ, ನೋಡು" ಎಂದರು.

ತಂತ್ರಾಂಶವು ನಿಲ್ದಾಣ ಯಾವ ನೆಲದ ನೆತ್ತಿಯ ಮೇಲಿದೆಯೆಂಬುದನ್ನೂ ಅಂಕಿಗಳಲ್ಲಿ ತೋರಿಸುತ್ತದೆ. ನೋಡಿದೆನು. ಹದಿನೈದು ನಿಮಿಷ ಕಳೆದಿತ್ತು. ಹಿಂದೂ ಮಹಾಸಾಗರ ದಾಟಿ ಆಸ್ಟ್ರೇಲಿಯದ ಪರ್ತ್ ನಗರದ ಹತ್ತಿರಕ್ಕೆ ಬಂದಿತ್ತು.

"ಪರ್ತೇ!" ಎಂದು ಮಾವನವರು ಲೋಟವನ್ನು ಎತ್ತಿ ನೋಡಿದರು. "ನನ್ನ ಕಾಫಿ ಇನ್ನೂ ಆರಿಲ್ಲವಲ್ಲಪ್ಪ."